ಗುಡ್ಡೆ ಬಾಡಿನವನು ರೋಸ್ಟ್ ಕೊಳ್ಳಲು ಹೋದಾಗ

ಇಂಗ್ಲೆಂಡಿನ ಲೀಡ್ಸ್‌ನ ಕಿರ್ಕ್‌ಗೇಟ್ ಮಾರ್ಕೆಟ್ಟಿನಲ್ಲಿ ಮಾಂಸದಂಗಡಿಗಳದ್ದೇ ಒಂದು ಸಾಲಿದೆ. ಬಂದ ಹೊಸತರಲ್ಲಿ ಅಲ್ಲೊಂದು ಕಡೆ ಮೂಳೆ ಸಮೇತ ಎರಡು ಕೆಜಿ ದನದ ಪಕ್ಕೆ ಬಾಡು ತೂಗಿಸಿ, ಸಣ್ಣಗೆ ತುಂಡು ಮಾಡಿಕೊಡಿ ಅಂದೆ. ಅಂಗಡಿಯವನು ಚಾಕು ಕೆಳಗಿಟ್ಟ. 'ಇದು ಫೋರ್ ರಿಬ್, ಇಡಿಯಾಗಿ ಓವನ್ನಿನಲ್ಲಿ ರೋಸ್ಟ್ ಮಾಡುವ ಪಕ್ಕೆ. ಸಾರಿಗಾದರೆ ಕಾಲಿನ ಮಾಂಸ ಒಯ್ಯಿರಿ, ದುಡ್ಡೂ ಉಳಿಯುತ್ತೆ' ಅಂದ. ಹಿಂದೆ ನಿಂತಿದ್ದ ಅಜ್ಜಿ ಕಿಸಕ್ಕನೆ ನಕ್ಕಳು. ಹಲ್ಲು ಬಂದಾಗಿನಿಂದ ಬಾಡು ತಿಂದವನಿಗೆ ಬಾಡು ಕೊಳ್ಳಲು ಬರಲಿಲ್ಲ.

ಬರುವುದಾದರೂ ಹೇಗೆ? ಚಾಮರಾಜನಗರದ ಕಡೆಯ ನಮ್ಮ ಕೇರಿಯಲ್ಲಿ ಇದ್ದದ್ದು ಗುಡ್ಡೆ ಬಾಡು, ಕಡಿದದ್ದನ್ನು ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಪ್ರತಿ ಗುಡ್ಡೆಗೂ ಒಂಚೂರು ಈಲಿ (ಲಿವರ್), ಒಂಚೂರು ಬೋಟಿ, ಎರಡು ಮೂಳೆ, ಕೊಬ್ಬು, ಮಿಕ್ಕಿದ್ದು ಮಾಂಸ. ತೊಡೆ ಯಾವುದು, ಬೆನ್ನು ಯಾವುದು ಅಂತ ಕೇಳಿದವನನ್ನು ದುರಾಸೆಯವನು ಅನ್ನುತ್ತಿದ್ದರು.

ಇಲ್ಲಿ ಕೇಳದವನೇ ದಡ್ಡ. ಎಷ್ಟು ಕೆಜಿ ಅನ್ನುವ ಮೊದಲು ಹೇಗೆ ಬೇಯಿಸುತ್ತೀರಿ ಅನ್ನುತ್ತಾರೆ. ಬೆನ್ನು, ಪಕ್ಕೆ ಹೆಚ್ಚು ದುಡಿಯದ ಭಾಗ, ರೋಸ್ಟಿಗೆ ಅದು. ಕಾಲು, ಎದೆ ದುಡಿದು ಬಿಗಿದದ್ದು, ನೀರು ಹಾಕಿ ಗಂಟೆಗಟ್ಟಲೆ ಬೇಯಿಸಬೇಕು. ಥಳಥಳ ಕೆಂಪಿಗೆ ಮರುಳಾಗದೆ ಕಪ್ಪುಗೆಂಪನ್ನು ಹುಡುಕಬೇಕು, ಒಳಗೆ ಬಿಳಿ ಎಳೆ, ಮೇಲೆ ಬೆಣ್ಣೆ ಬಣ್ಣದ ಕೊಬ್ಬಿರಬೇಕು. 28 ದಿನ ತಣ್ಣನೆ ಕೋಣೆಯಲ್ಲಿ ನೇತು ಹಾಕಿದ್ದಕ್ಕೆ ಬೆಲೆ ಇನ್ನೂ ಜಾಸ್ತಿ. (ನಮ್ಮವ್ವ ಹಗ್ಗದ ಮೇಲೆ ಕೊರಬಾಡು ಒಣಹಾಕಿದರೆ ಮೇಲಿನ ಬೀದಿಯವರು ಮೂಗು ಮುಚ್ಚುತ್ತಿದ್ದರು. ಇಲ್ಲಿ ಗಾಜಿನೊಳಗಿಟ್ಟು ದೀಪ ಹಾಕಿ ತೋರಿಸುತ್ತಾರೆ. ಎರಡೂ ಒಂದೇ ಅಲ್ಲ, ಗೊತ್ತು. ಆದರೂ.)

ಅಡುಗೆಯೋ, ಅಡುಗೆಯೇ ಅಲ್ಲ ಅನಿಸುವಷ್ಟು ಕಡಿಮೆ. ಹಿಂದಿನ ರಾತ್ರಿ ಉಪ್ಪು ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡುತ್ತೇನೆ. ಓವನ್ನು 220 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 160. ನಟ್ಟನಡುವೆ ಚುಚ್ಚಿದ ಥರ್ಮಾಮೀಟರು 50 ದಾಟಿತೋ, ಹೊರಗೆ. ಮತ್ತೆ ಅರ್ಧ ಗಂಟೆ ಮುಟ್ಟಬಾರದು, ತನ್ನ ಕಾವಿಗೇ ಅದು ಇನ್ನೂ ನಾಲ್ಕೈದು ಡಿಗ್ರಿ ಏರುತ್ತದೆ. ಮೊದಲ ಸಲ ತಡೆಯಲಾರದೆ ಕೊಯ್ದುಬಿಟ್ಟೆ, ರಸವೆಲ್ಲ ಹಲಗೆಯ ಪಾಲಾಯಿತು. 'ಖಾರ ರುಬ್ಬದೆ ಬಾಡಾ?' ಅಂತ ಅವ್ವ ಫೋನಿನಲ್ಲೇ ಮುಖ ಕಿವುಚಿದಳು.

ಅವಳ ಮಾತನ್ನು ತೆಗೆದುಹಾಕುವಂತಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯಂತೆ ಕರ್ನಾಟಕದಲ್ಲಿ ದನ, ಎಮ್ಮೆಗಳ ಪೈಕಿ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಇಲ್ಲಿ ಮಾಂಸಕ್ಕೆ ಸಾಕಿದವು ಬಹುಪಾಲು ಮೂರು ತುಂಬದವು. ಗೇದು ಮುದಿಯಾದ ಕೋಣದ ತೊಡೆಯನ್ನು 55 ಡಿಗ್ರಿಗೇ ಓವನ್ನಿನಿಂದ ಇಳಿಸಿ ಬಡಿಸಿ ನೋಡಿ, ಜಗಿಯುವ ಹೊತ್ತಿಗೆ ಸಂಜೆಯಾಗುತ್ತದೆ.

ಆದರೆ ನನಗೆ ಚುಚ್ಚುವುದು ಹದವಲ್ಲ, ಆಯ್ಕೆ. ಕಾಸಿದ್ದವನಿಗೆ ಪಕ್ಕೆ, ಇಲ್ಲದವನಿಗೆ ಕಾಲು. ಒಂದೇ ಹಸುವಿನಲ್ಲಿ ಎರಡು ಬೀದಿ. ಗುಡ್ಡೆಯ ಮುಂದೆ ಆ ಅಂಗಡಿಯ ಬೆಲೆಪಟ್ಟಿ ನನಗೆ ಸಣ್ಣದಾಗಿಯೇ ಕಾಣುತ್ತದೆ.

ಹಾಗಂತ ಬರೆದ ಮೇಲೆ ಇದನ್ನೂ ಹೇಳಬೇಕು: ಯಜಮಾನರ ಗುಡ್ಡೆಯಲ್ಲಿ ಈಲಿ ಕೊಂಚ ದಪ್ಪಗೇ ಇರುತ್ತಿತ್ತು. ಮನೆಯೊಳಗೆ ಮೆತ್ತನೆ ತುಂಡು ಅಪ್ಪನ ತಟ್ಟೆಗೆ ಬೀಳುತ್ತಿತ್ತು, ಅವ್ವನಿಗೆ ಎಸರು ಮಿಕ್ಕರೆ ಪುಣ್ಯ. ಈಗ ಭಾನುವಾರ ನಾನು ಹೋಳು ಮಾಡಲು ನಿಂತರೆ, ಕರಿದಾದ ಅಂಚು ನಂದು ಅಂತ ಮಗಳು ಮೊದಲೇ ತಟ್ಟೆ ಒಡ್ಡುತ್ತಾಳೆ. ಯಾರೂ ಅವಳನ್ನು ಗದರುವುದಿಲ್ಲ.

ಮೂಳೆ ಮಾತ್ರ ನನ್ನದು. ಸೋಮವಾರ ಖಾರ ರುಬ್ಬಿ, ಕುಕ್ಕರಿಗೆ ಹಾಕಿ, ಮುದ್ದೆ ಕಟ್ಟುತ್ತೇನೆ.