ಕಾಲೆಳೆಯುವ ಚಡ್ಡಿ

ಆ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಬಟ್ಟೆಯ ರೋಬೋ. ಸೊಂಟಕ್ಕೊಂದು ಬೆಲ್ಟು, ಮೀನಖಂಡಕ್ಕೊಂದು ಪಟ್ಟಿ, ನಡುವೆ ತಂತಿ. ಲಕ್ವ ಹೊಡೆದವರು ಅದನ್ನು ತೊಟ್ಟು ಸಲೀಸಾಗಿ ನಡೆಯುತ್ತಾರೆ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ನಮ್ಮ ಡೊಂಬಿವಲಿ ಕನ್ನಡಿಗರ ಗ್ರೂಪಿಗೆ ಅದು ಒಂದೇ ದಿನ ಆರು ಸಲ ಬಂತು. ಆರನೆಯ ಸಲ ಕಳಿಸಿದವರು ‘ಶೀಘ್ರದಲ್ಲೇ ಮುಂಬೈಗೆ’ ಅಂತ ತಾವೇ ಸೇರಿಸಿದ್ದರು.

ಯಂತ್ರ ಮಾಡುವುದಿಷ್ಟೇ. ಲಕ್ವ ಹೊಡೆದವರ ಮುಂಗಾಲು ಜೋತುಬಿದ್ದು ನೆಲಕ್ಕೆ ಉಜ್ಜುತ್ತದೆ. ಸೊಂಟದ ಮೋಟರು ಸೈಕಲ್ ಬ್ರೇಕಿನಂಥದೇ ತಂತಿಯನ್ನು ಹದವಾಗಿ ಎಳೆದು, ಹೆಜ್ಜೆ ಎತ್ತುವಾಗ ಮುಂಗಾಲನ್ನು ಮೇಲಕ್ಕೆತ್ತುತ್ತದೆ. ನೆಲ ಒತ್ತಿ ಮುಂದೆ ಹೋಗುವಾಗ ಹಿಮ್ಮಡಿಯನ್ನು ಜಗ್ಗುತ್ತದೆ. ಒಟ್ಟಿನಲ್ಲಿ ಕಾಲೆಳೆಯುವ ಯಂತ್ರ. ಅಮೆರಿಕದವರು ಇಂಥದ್ದೊಂದಕ್ಕೆ 2019ರಲ್ಲಿ ಪರವಾನಗಿ ಕೊಟ್ಟರು. ನಮ್ಮ ಸಂಘಗಳಲ್ಲಿ ಈ ಕೆಲಸ ಮೋಟರಿಲ್ಲದೆಯೇ ಎಷ್ಟೋ ವರ್ಷಗಳಿಂದ ನಡೆದಿದೆ. ಅಧ್ಯಕ್ಷರು ಎದ್ದು ನಿಂತರೆ ಸಾಕು, ನಾಲ್ಕೂ ಕಡೆಯಿಂದ ಎಳೆತ. ಆದರೆ ಅಲ್ಲಿ ಎಷ್ಟೇ ಎಳೆದರೂ ಯಾರೂ ಮುಂದೆ ಹೋದದ್ದಿಲ್ಲ.

ಅದೇ 2019ರಲ್ಲಿ ಹಾರ್ವರ್ಡಿನವರು ಚಡ್ಡಿಯ ಥರದ ಇನ್ನೊಂದನ್ನು ತೋರಿಸಿದರು. ತೂಕ 5 ಕಿಲೋ. ಗಟ್ಟಿಮುಟ್ಟಾದವರು ತೊಟ್ಟು ನಡೆದರೆ ಖರ್ಚಾಗುವ ಶಕ್ತಿಯಲ್ಲಿ ಶೇ 9.3 ಉಳಿಯುತ್ತದಂತೆ. ಓಡಿದರೆ ಶೇ 4.

ಪಾಪ, ಅವರು ಬೆಳಗಿನ ಎಂಟೂಕಾಲಕ್ಕೆ ಡೊಂಬಿವಲಿಗೆ ಬಂದವರಲ್ಲ. ಇಲ್ಲಿ ಶೇ 100 ಉಳಿಯುತ್ತದೆ. ಫಾಸ್ಟ್ ಲೋಕಲ್ ಬಂದಾಗ ನೀವು ಕಾಲೆತ್ತುವುದೇ ಬೇಡ. ಸುಮ್ನೆ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತರೆ ಆಯಿತು. ಹಿಂದಿನಿಂದ ಹೊಟ್ಟೆ, ಪಕ್ಕದಿಂದ ಮೊಣಕೈ, ಮುಂದೆ ಯಾರದೋ ಟಿಫಿನ್ ಬ್ಯಾಗು. ಎಲ್ಲ ಕಡೆ ಸಮನಾದ ಒತ್ತಡ, ಬೆಚ್ಚಗಿನ ಮೆತ್ತೆ. ಕಬ್ಬಿಣವಿಲ್ಲ, ಬ್ಯಾಟರಿಯಿಲ್ಲ. ನಿಮ್ಮನ್ನು ಎತ್ತಿ ಒಳಗಿಟ್ಟು, ದಾದರಿನಲ್ಲಿ ಎತ್ತಿ ಹೊರಗಿಡುತ್ತದೆ. ಇದಕ್ಕಿಂತ ಮೃದುವಾದ ರೋಬೋ ಎಲ್ಲಿದೆ ಹೇಳಿ? ಒಂದೇ ಕೊರತೆ. ತೊಟ್ಟವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದೇ ಈ ವಿದ್ಯೆಯಲ್ಲಿ ಕಷ್ಟದ ಭಾಗ. ಅದಕ್ಕೇ ಅವರು ಕಾಲಿಗೆ ಸೆನ್ಸರ್ ಕಟ್ಟುತ್ತಾರೆ. ನಮ್ಮ ಲೋಕಲ್ಲಿಗೆ ಆ ಸೆನ್ಸರ್ ಇನ್ನೂ ಬಂದಿಲ್ಲ. ಒಮ್ಮೆ ನನ್ನನ್ನು ಠಾಣೆಯಲ್ಲೇ ಇಳಿಸಿಬಿಟ್ಟಿತು. ಎಡಗಾಲಿನ ಚಪ್ಪಲಿ ಮಾತ್ರ ಟೈಮಿಗೆ ಸರಿಯಾಗಿ ದಾದರ್ ಮುಟ್ಟಿತು.

ಹೀಗೆ ಬರೆದು ನಗುತ್ತಿದ್ದವನಿಗೆ ಎಲ್ಫಿನ್‌ಸ್ಟನ್ ರೋಡ್ ನೆನಪಾಯಿತು. 2017ರ ಸೆಪ್ಟೆಂಬರ್ 29. ಮಳೆ. ಸ್ಟೇಷನ್ನಿನ ಆ ಇಕ್ಕಟ್ಟಿನ ಮೆಟ್ಟಿಲು. ಕಾಲ್ತುಳಿತ. ಸತ್ತವರು 23 ಜನ. ಅವರ ಕಾಲುಗಳಿಗೆ ಏನೂ ಆಗಿರಲಿಲ್ಲ, ದಿನಾ ಹತ್ತಿ ಇಳಿಯುತ್ತಿದ್ದವರೇ. ಸ್ಟೇಷನ್ನಿಗೆ ಈಗ ಪ್ರಭಾದೇವಿ ಅಂತ ಹೆಸರು. ಹೆಸರು ಬದಲಿಸಲು ಮೆಟ್ಟಿಲು ಹತ್ತಬೇಕಾಗಿಲ್ಲ ನೋಡಿ.

ಇನ್ನು ಅಂಧೇರಿಯ ಗೋಖಲೆ ಸೇತುವೆ. 2024ರ ಫೆಬ್ರುವರಿಯಲ್ಲಿ ಒಂದು ಬದಿ ತೆರೆದರು. ಪಕ್ಕದ ಬರ್ಫಿವಾಲಾ ಫ್ಲೈಓವರಿಗೆ ಕೂಡಬೇಕಾದ ಜಾಗದಲ್ಲಿ ನೋಡಿದರೆ ಒಂದು ಮೇಲೆ, ಇನ್ನೊಂದು ಸುಮಾರು ಒಂದೂವರೆ ಮೀಟರ್ ಕೆಳಗೆ! ಫ್ಲೈಓವರಿಗೆ ಲಕ್ವ ಹೊಡೆದು ಮುಂಗಾಲು ಜೋತುಬಿದ್ದಿತ್ತು ಅಂತ ನನ್ನ ಅನುಮಾನ. ತಜ್ಞರು ಓಡಿಬಂದರು. ಜಾಕ್ ಕೊಟ್ಟು ಮೆಲ್ಲಗೆ ಎತ್ತಿದರು. ಜುಲೈ ಹೊತ್ತಿಗೆ ಒಂದು ಕಾಲು ಊರಿ ನಿಂತಿತು. ಇಷ್ಟು ಮುತುವರ್ಜಿಯ ಫಿಸಿಯೋಥೆರಪಿ ನನ್ನ ಸೋದರಮಾವನಿಗೆ ಸಿಕ್ಕಿಲ್ಲ.

ಮಾವ ಮೂವತ್ತು ವರ್ಷ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಎಡಗೈ ಮೇಲೆ ಭುಜದವರೆಗೆ ದೋಸೆ ತಟ್ಟೆ ಜೋಡಿಸಿಕೊಂಡು, ಒಂದು ಹನಿ ಚಟ್ನಿ ಚೆಲ್ಲದೆ ಮೇಜುಗಳ ನಡುವೆ ತೂರಿ ಬರುತ್ತಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದದ್ದು ಆ ಎಡಭಾಗಕ್ಕೇ. ಈಗ ಬೆರಳುಗಳು ಒಳಕ್ಕೆ ಮಡಚಿವೆ, ಯಾವುದೋ ಕಾಣದ ಲೋಟವನ್ನು ಹಿಡಿದುಕೊಂಡ ಹಾಗೆ. ಅಮುಕಲು ಹಳದಿ ಚೆಂಡು ಕೊಟ್ಟಿದ್ದಾರೆ. ‘ವಡೆ ಹಿಟ್ಟು ಇದಕ್ಕಿಂತ ಮೆತ್ತಗೆ ಉಂಟು ಮಾರಾಯ’ ಅನ್ನುತ್ತಾರೆ.

ಹಾಗಾಗಿ ಯಂತ್ರವನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. 1950ರ ದಶಕದಲ್ಲಿ ಜೋಸೆಫ್ ಮೆಕಿಬ್ಬೆನ್ ಎಂಬ ಅಮೆರಿಕದ ಭೌತವಿಜ್ಞಾನಿ, ಪೋಲಿಯೋದಿಂದ ಕೈ ಸೋತಿದ್ದ ಮಗಳಿಗಾಗಿ ರಬ್ಬರ್ ಕೊಳವೆಗೆ ಹೆಣೆದ ಬಲೆ ಹೊದಿಸಿದ. ಗಾಳಿ ತುಂಬಿದರೆ ಅದು ಉಬ್ಬಿ, ಉದ್ದ ಕಮ್ಮಿಯಾಗಿ, ಮಾಂಸಖಂಡದ ಹಾಗೆ ಎಳೆಯುತ್ತದೆ. ಈ ಬಟ್ಟೆ ರೋಬೋಗಳ ಮನೆತನದಲ್ಲಿ ಅದಕ್ಕೆ ಅಜ್ಜನ ಸ್ಥಾನ. ಮಾವನ ಬೆರಳು ಬಿಡಿಸುವ ಗಾಳಿಯ ಕೈಗವಸು ಕೈಗೆಟುಕುವ ಬೆಲೆಗೆ ಸಿಕ್ಕರೆ ಕ್ಯೂನಲ್ಲಿ ಮೊದಲಿಗ ನಾನೇ.

ಆದರೆ ಅದಕ್ಕೂ ಮೊದಲು ಅಂಗವಿಕಲತೆಯ ಸರ್ಟಿಫಿಕೇಟ್ ಆಗಬೇಕಲ್ಲ. ಅದನ್ನು ಕೊಡುವ ಕೋಣೆ ಮೂರನೇ ಮಹಡಿಯಲ್ಲಿ. ಲಿಫ್ಟಿಗೆ ‘ಬಂದ್ ಆಹೆ’ ಅಂತ ಬೋರ್ಡು. ಬೋರ್ಡಿನ ಮೇಲೆ ದಸರೆಯ ಗೊಂಡೆಹೂವಿನ ಮಾಲೆ ಒಣಗಿ ನೇತಾಡುತ್ತಿತ್ತು. ಓಡದಿದ್ದರೇನು, ಆಯುಧಪೂಜೆ ತಪ್ಪಿಲ್ಲ. 66 ಮೆಟ್ಟಿಲು. ಮಾವ ಬಲಗೈಯಲ್ಲಿ ಕಂಬಿ ಹಿಡಿದು, ಎಡಗಾಲನ್ನು ಒಂದೊಂದೇ ಮೆಟ್ಟಿಲಿಗೆ ಎಳೆದುಕೊಂಡರು. ಪ್ರತಿ ತಿರುವಿನಲ್ಲಿ ಕೂತರು. ನಲವತ್ತು ನಿಮಿಷ ಹಿಡಿಯಿತು. ನಮ್ಮ ಹಿಂದೆ ಒಬ್ಬ ಹೆಂಗಸು ಹನ್ನೆರಡು ವರ್ಷದ ಮಗನನ್ನು ಎತ್ತಿಕೊಂಡು ಹತ್ತುತ್ತಿದ್ದಳು.

ನಡೆಯಲಾಗದವರ ಕಾಗದವನ್ನು ಮೂರನೇ ಮಹಡಿಯಲ್ಲಿ ಇಡಬಾರದು ಅಂತ ತಿಳಿಯಲು ಹಾರ್ವರ್ಡ್ ಬೇಕಾ? ಸೆನ್ಸರ್ ಬೇಕಾ? ಒಂದು ಮೇಜು, ಎರಡು ಕುರ್ಚಿ, ಒಂದು ರಬ್ಬರ್ ಸ್ಟಾಂಪು. ಅಷ್ಟನ್ನು ಕೆಳಗೆ ತರಲು ಯಾರಿಗೂ ಆಗಿಲ್ಲ. ಸಾಕಾಗಿ ಹೋಗಿದೆ.

ಮೇಲೆ ಕೂತವರು ಫೈಲಿನಿಂದ ತಲೆಯೆತ್ತಿ ಕೇಳಿದರು: ‘ಕಾಕಾ, ವರ್ ಕಸೆ ಆಲಾತ್?’ ಮೇಲೆ ಹೇಗೆ ಬಂದಿರಿ ಅಂತ. ಮಾವನಿಗೆ ಹೆಮ್ಮೆ. ‘ಚಾಲತ್ ಆಲೋ’ ಅಂದುಬಿಟ್ಟರು. ನಡೆದುಕೊಂಡೇ ಬಂದೆ! ಅವರು ಅಂಗವಿಕಲತೆ ಶೇ 38 ಅಂತ ಬರೆದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಮೀಸಲಾತಿ ಗೀಸಲಾತಿಯ ಬಾಗಿಲು ತೆರೆಯುವುದು 40ಕ್ಕೆ. ಅಂಗವಿಕಲರ ಡಬ್ಬಿಗೆ ಓಡುತ್ತಲೇ ಜಿಗಿದು, ಕೂತು ಇಸ್ಪೀಟಾಡುವ ಪೈಲ್ವಾನರಿಗೆ ಎಷ್ಟು ಬಿದ್ದಿದೆಯೋ.

ಮನೆಗೆ ಬಂದು ಮಾವನಿಗೆ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಚಡ್ಡಿಯ ಕಥೆ ಹೇಳಿದೆ, 9.3ರ ಲೆಕ್ಕವನ್ನೂ ಹೇಳಿದೆ.

‘ಬೇಡ ಮಾರಾಯ’ ಅಂದರು. ‘ಅದನ್ನು ಹಾಕಿಕೊಂಡು ಹೋದರೆ ಇರುವ 38ರಲ್ಲೂ ಅಷ್ಟು ಕಳೆಯುತ್ತಾರೆ.’

ಫೋನಿನಲ್ಲೇ ಕಳೆದು ನೋಡಿದೆ. 28.7.