ಪರ-ವಿರೋಧ: ಪುಟ್ಟ ಮಕ್ಕಳಿಗೆ ನೃತ್ಯದಲ್ಲಿ ಕಥೆ ಹೇಳೋದನ್ನ ಈಗಲೇ ಕಲಿಸ್ಬೇಕಾ?

ಪರ

ಖಂಡಿತ ಕಲಿಸ್ಬೇಕು, ಅದೂ ಐದಾರು ವರ್ಷಕ್ಕೇ. "ಮೊದಲು ಅಡವು, ಅಂದ್ರೆ ಮೂಲ ಹೆಜ್ಜೆಗಳು, ಗಟ್ಟಿಯಾಗ್ಲಿ, ತಾಳ ಕೂತ್ಕೊಳ್ಲಿ, ಅಭಿನಯ ಎಲ್ಲಾ ಆಮೇಲೆ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ ನಂಗೆ. ಹಾಗಾದ್ರೆ ವ್ಯಾಕರಣ ಬರೋ ತನಕ ಮಗು ಮಾತೇ ಆಡ್ಬಾರದಾ? ಅಭಿನಯ ದರ್ಪಣ ಅನ್ನೋ ಹಳೇ ನೃತ್ಯಗ್ರಂಥದಲ್ಲಿ ಒಂಟಿ ಕೈಯ ಹಸ್ತ, ಅಂದ್ರೆ ಕೈಮುದ್ರೆ, 28 ಇದೆ, ಮೊದಲನೇದೇ ಪತಾಕ, ಬೆರಳೆಲ್ಲ ಜೋಡಿಸಿ ಹೆಬ್ಬೆರಳು ಮಡಚಿದ್ರೆ ಆಯ್ತು. ಆ ಒಂದೇ ಕೈ ಮೋಡ ಆಗತ್ತೆ, ಕಾಡು ಆಗತ್ತೆ, ರಾತ್ರಿ ಆಗತ್ತೆ, ನದಿ ಆಗತ್ತೆ. ಮಕ್ಕಳು ಇದನ್ನೆಲ್ಲ ಶ್ಲೋಕ ಮಾಡಿ ಬಾಯಿಪಾಠ ಒಪ್ಪಿಸ್ತಾರೆ, ಆದ್ರೆ ಆ ಮೋಡ ಎಲ್ಲಿಂದ ಬಂತು ಎತ್ತ ಹೋಯ್ತು ಅಂತ ಯಾರೂ ಕೇಳಲ್ಲ. ಕಥಕ್ ಅನ್ನೋ ನೃತ್ಯದ ಹೆಸರೇ ಕಥೆಯಿಂದ ಬಂದಿದ್ದು, ನೆನಪಿರ್ಲಿ.

ಒಂದ್ಸಲ ಬಾಯಾರಿದ ಕಾಗೆ ಕಥೆ ಮಾಡಿಸ್ತಿದ್ದೆ. ಆದಿತಾಳದ ಒಂದು ಆವರ್ತ, ಅಂದ್ರೆ ತಾಳದ ಒಂದು ಸುತ್ತು, 8 ಅಕ್ಷರ (ಎಣಿಕೆ), ಎರಡಕ್ಕೊಂದರಂತೆ ನಾಲ್ಕು ಕಲ್ಲು, ಆಮೇಲೆ ನೀರು ಮೇಲೆ ಬರತ್ತೆ, ಕಾಗೆ ಕುಡಿದು ಹಾರತ್ತೆ, ಹೀಗೆ ಲೆಕ್ಕ ಹಾಕಿದ್ದೆ. ಆರು ವರ್ಷದ ಹುಡುಗ ಒಬ್ಬ ನಾಲ್ಕಕ್ಕೆ ನಿಲ್ಲಿಸ್ಲೇ ಇಲ್ಲ, ಐದನೇದು ಹೆಕ್ಕಿದ, ಆರನೇದೂ ಹೆಕ್ಕಿದ, ಒಂದೊಂದು ಕಲ್ಲು ಬಿಟ್ಟಾಗಲೂ ಕತ್ತು ಉದ್ದ ಮಾಡಿ ಹೂಜಿಯೊಳಗೆ ಇಣುಕ್ತಾನೆ, ಉಳಿದವರೆಲ್ಲ ಹಾರಿ ಹೋಗಿ ಸಾಲಲ್ಲಿ ಕೂತೂ ಆಯ್ತು. "ಸಾಕಲ್ವೇನೋ" ಅಂದೆ. "ನೀರು ಇನ್ನೂ ಕೆಳಗಿದೆ ಮಿಸ್" ಅಂದ. ಇಣುಕೋದನ್ನ ನಾನು ಹೇಳ್ಕೊಟ್ಟೇ ಇರ್ಲಿಲ್ಲ! ಏಳನೇ ಕಲ್ಲಿಗೆ ಕುಡಿದ. ಮುಂದಿನ ಕ್ಲಾಸಿಂದ ಎಣಿಕೆ ತೆಗೆದೇ ಹಾಕ್ದೆ. ಪಾದ ತಪ್ಪಿದ್ರೆ ಆಮೇಲೆ ತಿದ್ದಬಹುದು, ಹಾಗೆ ಇಣುಕೋ ಕತ್ತನ್ನ ಹನ್ನೆರಡನೇ ವಯಸ್ಸಲ್ಲಿ ತಂದು ಜೋಡಿಸೋಕಾಗಲ್ಲ.

ವಿರೋಧ

ವಿರೋಧ ಬರೀರಿ ಅಂದ್ರು, ಬರೀತಿದ್ದೀನಿ. ಪೂರ್ತಿ ವಿರೋಧ ನನಗಿಲ್ಲ, ಮಗಳು ಕ್ಲಾಸಿಗೆ ಹೋಗ್ತಾಳೆ, ಬಿಡಿಸೋ ಯೋಚನೆಯೂ ಇಲ್ಲ. ಆದ್ರೂ ಎಲ್ಲದಕ್ಕೂ ಕಥೆ ಅಂಟಿಸ್ಲೇಬೇಕಾ? ಮಗು ಒಂದು ಸಲ ಎಗರಿದ್ರೂ ಅದು ಮೊಲ ಆಗ್ಲೇಬೇಕು ಅನ್ನೋ ಹಾಗಾಗಿದೆ. ಅರ್ಥದ ಗೊಡವೆ ಇಲ್ದೆ ತಾಳಕ್ಕೆ ಕುಣಿಯೋದಕ್ಕೂ ನೃತ್ತ ಅಂತ ಹೆಸರಿದೆ, ಆ ಖುಷಿ ಮಕ್ಕಳಿಗೆ ಬೇಡ್ವಾ? ಒಂದೆರಡು ವರ್ಷ ತಡವಾದ್ರೆ ಏನೂ ಹಾಳಾಗಲ್ಲ.

ಇನ್ನು ಭಾವದ ವಿಷಯ. ನಾಟ್ಯಶಾಸ್ತ್ರ ಹೇಳೋ ಎಂಟು ರಸದಲ್ಲಿ ಹಾಸ್ಯ, ಅದ್ಭುತ ಮಗುವಿಗೆ ತಾನಾಗೇ ಬರತ್ತೆ, ಉಳಿದಿದ್ದಕ್ಕೆ ಟೀಚರ್ ಮುಖ ನೋಡಿ ಕಾಪಿ ಹೊಡೆಯೋದೇ. ನನ್ನ ಮಗಳಿಗೆ ತಾಯಿ ಕಳ್ಕೊಂಡ ಜಿಂಕೆಮರಿ ಪಾತ್ರ ಕೊಟ್ಟಿದ್ರು. ಕನ್ನಡಿ ಮುಂದೆ ನಿಂತು ಹುಬ್ಬು ಮೇಲಕ್ಕೆ, ತುಟಿ ಕೆಳಕ್ಕೆ ಎಳೆದು "ಅಮ್ಮಾ, ಇದು ಅಳು ಥರ ಇದ್ಯಾ?" ಅಂತ ಕೇಳಿದ್ಲು. ಅವತ್ತೇ ಬೆಳಗ್ಗೆ ಪೆನ್ಸಿಲ್ ಬಾಕ್ಸ್ ಕಳ್ಕೊಂಡು ಅತ್ತಿದ್ಲು, ಆಗಿನ ಮುಖ ಬೇರೇನೇ ಇತ್ತು, ಮೂಗು ಕೆಂಪಗೆ, ಬಾಯಿ ಬಿಗಿ ಹಿಡ್ಕೊಂಡು ಗೋಡೆ ಕಡೆ ತಿರುಗಿ ನಿಂತಿದ್ಲು. "ಬೆಳಗ್ಗೆ ನಿಂತಿದ್ಯಲ್ಲ ಪುಟ್ಟಿ, ಹಾಗೇ ಮಾಡು" ಅಂದೆ.

"ಹಾಗೆ ತಿರುಗಿದ್ರೆ ಮಿಸ್ ತಿದ್ತಾರೆ" ಅಂದ್ಲು.