ಅಂಕಿ ಹೆಚ್ಚಿದ್ದರೆ ನಿಖರತೆ ಹೆಚ್ಚೆಂದಲ್ಲ: ಮಲ್ಟಿಮೀಟರ್ ಸಂದೇಶಕ್ಕೆ ಸ್ಪಷ್ಟನೆ

ಕಾರವಾರ, ಶಿರಸಿ ಕಡೆಯ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ವೋಲ್ಟೇಜ್, ಕರೆಂಟ್ ಮುಂತಾದವನ್ನು ಅಳೆಯುವ ಮಲ್ಟಿಮೀಟರ್ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: ‘ಆರೂವರೆ ಅಂಕಿಯ ಹಳೆಯ ಮೀಟರ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ, ಅದು ತೋರಿಸುವ ಪ್ರತಿ ಅಂಕಿಯೂ ನಿಜ.’ ಇದನ್ನು ಮೊದಲು ಬರೆದವನು ನಾನೇ. ಅದು ತಪ್ಪು.

ಆರೂವರೆ ಅಂಕಿ ಎಂದರೆ ಪರದೆಯ ಮೇಲೆ ಆರು ಪೂರ್ಣ ಅಂಕಿ, ಅವುಗಳ ಮುಂದೆ 0 ಅಥವಾ 1 ಮಾತ್ರ ಆಗಬಲ್ಲ ‘ಅರ್ಧ’ ಅಂಕಿ. ಅಂಕಿಗಳ ಸಂಖ್ಯೆಯಿಂದ ತಿಳಿಯುವುದು ಎಷ್ಟು ಸಣ್ಣ ವ್ಯತ್ಯಾಸ ಕಾಣುತ್ತದೆ ಎಂಬುದು ಮಾತ್ರ. ತೋರಿಸಿದ್ದು ಎಷ್ಟು ಸರಿ ಎಂಬುದು ಬೇರೆಯೇ ಮಾತು. ಆರೂವರೆ ಅಂಕಿಯ ಎಚ್‌ಪಿ 34401ಎ ಮೀಟರಿನ ಕೈಪಿಡಿಯನ್ನೇ ನೋಡಿ. 10 ವೋಲ್ಟ್ ಡಿಸಿ ರೇಂಜಿನಲ್ಲಿ (ಅಳತೆಯ ಮಿತಿಯಲ್ಲಿ) ಅದರ ಕೊನೆಯ ಅಂಕಿ 10 ಮೈಕ್ರೊವೋಲ್ಟ್, ಅಂದರೆ ವೋಲ್ಟಿನ ಲಕ್ಷದಲ್ಲೊಂದು ಪಾಲು. ಒಂದು ವರ್ಷದ ನಿಖರತೆಯಾದರೋ ರೀಡಿಂಗಿನ ಶೇ 0.0035, ಜೊತೆಗೆ ರೇಂಜಿನ ಶೇ 0.0005. ಅಂದರೆ 5 ವೋಲ್ಟ್ ಅಳೆಯುವಾಗ 225 ಮೈಕ್ರೊವೋಲ್ಟ್ ಆಚೀಚೆ ಆಗಬಹುದು. ಪರದೆಯ ಮೇಲೆ 5.00017 ಎಂದು ಕಂಡರೆ ಕೊನೆಯ ಎರಡು ಅಂಕಿಗಳನ್ನು ನೆಚ್ಚುವಂತಿಲ್ಲ. ಈ ಭರವಸೆಯೂ ಕ್ಯಾಲಿಬ್ರೇಶನ್ (ಪ್ರಮಾಣಿತ ಅಳತೆಯೊಂದಿಗೆ ಹೋಲಿಸಿ ಸರಿಪಡಿಸುವುದು) ಆದ ವರ್ಷದೊಳಗೆ, ಒಂದು ಗಂಟೆ ಚಾಲೂ ಇಟ್ಟ ಮೇಲೆ, 18ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನ ಆ ಮಿತಿಯಲ್ಲಿ ನಿಲ್ಲುವುದಿಲ್ಲ.

ಹಳೆಯ ಮೀಟರ್ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯದು ಸಿಕ್ಕರೆ ಭಾಗ್ಯವೇ. ಕೊನೆಯ ಕ್ಯಾಲಿಬ್ರೇಶನ್ ದಿನಾಂಕ ಕೇಳಿ. ಉಪ್ಪುಗಾಳಿಗೆ ಪ್ರೋಬ್ (ಅಳತೆಯ ತಂತಿ) ಚುಚ್ಚುವ ಸಾಕೆಟ್ಟಿನೊಳಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಆರ್ಡುಯಿನೊ (ಹವ್ಯಾಸಿಗಳು ಬಳಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಪ್ರಯೋಗ, ಆಂಪ್ಲಿಫೈಯರ್ ರಿಪೇರಿಯಂಥ ಕೆಲಸಕ್ಕೆ ನಾಲ್ಕೂವರೆ ಅಂಕಿಯ ಹೊಸ ಮೀಟರ್ ಧಾರಾಳವಾಗಿ ಸಾಕು.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.